ಆಲ್ಬಂ ವಿಮರ್ಶೆ, ಅಂಕ ಮತ್ತು ಅಭಿಮಾನಿಗಳ ತಕರಾರು: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ, ಧಾರವಾಡ, ಗದಗ ಸೀಮೆಯಲ್ಲಿ ಸಂಗೀತದ ಬಗ್ಗೆ ವಾದ ಮಾಡುವುದು ಸಂಗೀತ ಕೇಳುವಷ್ಟೇ ಹಳೆಯ ರೂಢಿ. ಬೈಠಕ್ (ಕೂತು ಕೇಳುವ ಚಿಕ್ಕ ಕಚೇರಿ) ಮುಗಿದ ಮೇಲೆ ಚಹಾದ ಅಂಗಡಿಯ ಮುಂದೆ ನಿಂತು, ಯಾರ ವಿಲಂಬಿತದಲ್ಲಿ (ನಿಧಾನ ಲಯದ ಗಾಯನದಲ್ಲಿ) ಸಾವಧಾನ ಹೆಚ್ಚು, ಯಾರ ತಾನಿನಲ್ಲಿ (ವೇಗದ ಸ್ವರಗಳ ಓಟದಲ್ಲಿ) ಸ್ವರ ಸ್ವಚ್ಛ ಎಂದು ರಾತ್ರಿ ಕಳೆಯುವವರು ಈಗಲೂ ಇದ್ದಾರೆ. ಇತ್ತೀಚೆಗೆ ಆ ವಾದದ ನಡುವೆ ಮೂರನೆಯವನೊಬ್ಬ ಬಂದು ಸೇರಿದ್ದಾನೆ. ಅವನು ಅಂತರ್ಜಾಲದಲ್ಲಿ ಆಲ್ಬಮ್ಮುಗಳಿಗೆ ಅಂಕ ಕೊಡುವ ವಿಮರ್ಶಕ. ಹಿಂದೂಸ್ತಾನಿ ಶಾಸ್ತ್ರೀಯ ಗಾಯನದ ಬಗೆಯಾದ ಖಯಾಲ್ ಕೇಳುವ ಹಿರಿಯರು, ಸಿನಿಮಾ ಹಾಡು ಮತ್ತು ರ‍್ಯಾಪ್ ಕೇಳುವ ಕಾಲೇಜಿನ ಹುಡುಗರು ಒಂದೇ ಕೋಣೆಯಲ್ಲಿ ಕೂತು ಕೇಳುವ ನಮ್ಮ ಕೂಟದಲ್ಲಿ ಅವನ ತೀರ್ಪುಗಳ ಕುರಿತು ಮತ್ತೆ ಮತ್ತೆ ಏಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಬರೆದಿದ್ದೇನೆ. ಉತ್ತರಗಳಲ್ಲಿ ನನ್ನ ಒಲವು ಇದ್ದೇ ಇದೆ, ಅದನ್ನು ಮರೆಮಾಚಿಲ್ಲ.

ಒಂದೇ ಆಲ್ಬಮ್ಮಿಗೆ ಒಬ್ಬರು 10 ಕೊಡುತ್ತಾರೆ, ಇನ್ನೊಬ್ಬರು 6 ಕೊಡುತ್ತಾರೆ. ಇವರಲ್ಲಿ ಯಾರನ್ನು ನಂಬಬೇಕು?

ಈ ಪ್ರಶ್ನೆಗೆ ಎಲ್ಲರೂ ಎತ್ತಿಕೊಳ್ಳುವ ಉದಾಹರಣೆ ಅಮೆರಿಕದ ರ‍್ಯಾಪ್ ಗಾಯಕ ಕಾನ್ಯೆ ವೆಸ್ಟ್ 2010ರಲ್ಲಿ ಹೊರತಂದ ಆಲ್ಬಂ. ಸಂಗೀತ ವಿಮರ್ಶೆಯ ಅಂತರ್ಜಾಲ ಪತ್ರಿಕೆ ಪಿಚ್‌ಫೋರ್ಕ್ ಅದಕ್ಕೆ ಹತ್ತಕ್ಕೆ ಹತ್ತು ಕೊಟ್ಟಿತು. ಯೂಟ್ಯೂಬಿನ ವಿಮರ್ಶಕ ಆಂಥನಿ ಫ್ಯಾಂಟಾನೊ ಆರು ಕೊಟ್ಟರು. ಆ ಆರರ ಬಗ್ಗೆ ಅಭಿಮಾನಿಗಳ ಸಿಟ್ಟು ಇಂದಿಗೂ ಪೂರ್ತಿ ತಣ್ಣಗಾಗಿಲ್ಲ.

ಇಲ್ಲಿ ಮೊದಲು ಗಮನಿಸಬೇಕಾದದ್ದು, ಈ ಎರಡು ಅಂಕಗಳನ್ನು ಒಂದೇ ಕೋಲಿನಿಂದ ಅಳೆದಿಲ್ಲ ಎಂಬ ಸಂಗತಿ. ಒಂದು, ಸಂಪಾದಕರ ಬಳಗವಿರುವ ಪತ್ರಿಕೆ ದಶಾಂಶ ಬಿಂದುವನ್ನೂ ಬಿಡದೆ 0.0ಯಿಂದ 10.0ವರೆಗೆ ಕೊಡುವ ಅಂಕ. ಇನ್ನೊಂದು, ಒಬ್ಬನೇ ಮನುಷ್ಯ ಕ್ಯಾಮೆರಾದ ಮುಂದೆ ನಿಂತು, ತನ್ನ ಹಿಂದಿನ ನೂರಾರು ತೀರ್ಪುಗಳ ಸಾಲಿನಲ್ಲಿ ಇದರ ಜಾಗ ಯಾವುದು ಎಂದು ಹೇಳುವ ಅಂಕ. ಫ್ಯಾಂಟಾನೊ ಹತ್ತು ಕೊಟ್ಟ ಆಲ್ಬಮ್ಮುಗಳು ಬಹಳ ಕಡಿಮೆ. ಆದ್ದರಿಂದ ಯಾರು ಸರಿ ಎಂದು ಕೇಳುವ ಮೊದಲು, ಈ ವಿಮರ್ಶಕ ಸಾಧಾರಣವಾಗಿ ಎಷ್ಟು ಕೊಡುತ್ತಾನೆ, ಇಷ್ಟವಾದುದಕ್ಕೆ ಎಷ್ಟು, ಬೇಸರವಾದುದಕ್ಕೆ ಎಷ್ಟು ಎಂದು ನೋಡಿಕೊಳ್ಳಬೇಕಾಗುತ್ತದೆ. ಅದನ್ನು ತಿಳಿಯದೆ ಅಂಕವನ್ನಷ್ಟೇ ಹಿಡಿದು ಜಗ್ಗಾಡಿದರೆ ಕೈಗೆ ಹತ್ತುವುದು ಏನೂ ಇಲ್ಲ.

ಹತ್ತಕ್ಕೆ ಆರು ಎಂದರೆ ಪ್ರಥಮ ದರ್ಜೆಯಲ್ಲವೇ? ಅಭಿಮಾನಿಗಳು ಅದನ್ನು ಅವಮಾನವೆಂದು ತಿಳಿಯುವುದೇಕೆ?

ಮೂವತ್ತೈದಕ್ಕೆ ಪಾಸು, ಅರವತ್ತಕ್ಕೆ ಫಸ್ಟ್ ಕ್ಲಾಸ್ ಎಂಬ ಲೆಕ್ಕದಲ್ಲಿ ಬೆಳೆದ ನಮಗೆ ಆರು ಒಳ್ಳೆಯ ಅಂಕವಾಗಿಯೇ ಕಾಣುತ್ತದೆ. ಆಲ್ಬಂ ವಿಮರ್ಶೆಯ ಲೋಕದಲ್ಲಿ ಹಾಗಿಲ್ಲ. ಪಿಚ್‌ಫೋರ್ಕಿನ ಬಹುಪಾಲು ಅಂಕಗಳು ಏಳರ ಆಸುಪಾಸಿನಲ್ಲಿ ಗುಂಪುಗೂಡುತ್ತವೆ; ಹೀಗಾಗಿ ಆರು ಅಲ್ಲಿ ಉತ್ಸಾಹವಿಲ್ಲದ ಮಾತು, ನಾಲ್ಕು ನೇರವಾದ ನಿರಾಸೆ. ಇದಕ್ಕೆ ಕಾರಣವೂ ಸರಳವಾಗಿದೆ. ವಾರಕ್ಕೆ ಸಾವಿರಾರು ಆಲ್ಬಮ್ಮುಗಳು ಹೊರಬರುವಾಗ, ವಿಮರ್ಶೆಗೆ ಆಯ್ದುಕೊಳ್ಳುವ ಹೊತ್ತಿಗೇ ಕಳಪೆಯವು ಬಹುಮಟ್ಟಿಗೆ ಜರಡಿಯಿಂದ ಕೆಳಗೆ ಬಿದ್ದಿರುತ್ತವೆ.

ಅಂಕದ ಬದಲು ದರ್ಜೆ ಕೊಡುವವರೂ ಇದ್ದಾರೆ. ನ್ಯೂಯಾರ್ಕಿನ ರಾಬರ್ಟ್ ಕ್ರಿಸ್ಟ್‌ಗಾವ್ 1969ರಿಂದ ಎ, ಬಿ, ಸಿ ಎಂದು ಶಾಲೆಯ ಪ್ರಗತಿಪತ್ರದ ಮಾದರಿಯಲ್ಲಿ ದರ್ಜೆ ಹಾಕುತ್ತ ಬಂದವರು, ಅದೂ ಒಂದೊಂದು ಆಲ್ಬಮ್ಮಿಗೆ ಒಂದೇ ಒಂದು ಕಿರಿದಾದ ಪರಿಚ್ಛೇದ ಬರೆದು. ನನ್ನ ಮಟ್ಟಿಗೆ ಆ ಪರಿಚ್ಛೇದಗಳು ದರ್ಜೆಗಿಂತ ಎಷ್ಟೋ ಪಾಲು ಹೆಚ್ಚು ಬೆಲೆಯುಳ್ಳವು.

ಹಲವಾರು ವಿಮರ್ಶೆಗಳ ಸರಾಸರಿ ತೆಗೆಯುವ ತಾಣಗಳು ಹೆಚ್ಚು ನ್ಯಾಯವಾದವುಗಳಲ್ಲವೇ?

ಸರಾಸರಿಗೆ ನ್ಯಾಯದ ಮುಖವಿದೆ, ಆದರೆ ಅದರೊಳಗೂ ಯಾರೋ ಮಾಡಿದ ಆಯ್ಕೆಗಳು ಅಡಗಿವೆ. 2001ರಲ್ಲಿ ಆರಂಭವಾದ ಮೆಟಾಕ್ರಿಟಿಕ್ ಬೇರೆ ಬೇರೆ ಪತ್ರಿಕೆಗಳ ಅಂಕಗಳನ್ನು ನೂರರ ಲೆಕ್ಕಕ್ಕೆ ತಿರುಗಿಸುತ್ತದೆ. ಬಿ ದರ್ಜೆಯನ್ನು 75 ಎಂದು ಹಿಡಿಯುತ್ತದೆ. ಅಂಕ ಕೊಡದೆ ಬರೆದ ವಿಮರ್ಶೆಗೆ ತಾನೇ ಓದಿ ಒಂದು ಅಂಕ ಅಂದಾಜು ಮಾಡುತ್ತದೆ. ಕೆಲವು ಪತ್ರಿಕೆಗಳಿಗೆ ಹೆಚ್ಚು ತೂಕ, ಕೆಲವಕ್ಕೆ ಕಡಿಮೆ ತೂಕ ಕೊಡುತ್ತದೆ. ಆ ತೂಕ ಎಷ್ಟೆಂಬುದನ್ನು ಬಹಿರಂಗಪಡಿಸುವುದಿಲ್ಲ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಿಡಿಸಿದ ಆಲ್ಬಂ ಮತ್ತು ಅರ್ಧ ಜನ ತಲೆದೂಗಿ ಅರ್ಧ ಜನ ಎದ್ದುಹೋದ ಆಲ್ಬಂ, ಸರಾಸರಿಯಲ್ಲಿ ಎರಡೂ ಒಂದೇ ಅಂಕ ಪಡೆಯಬಹುದು. ಕೇಳುಗನಿಗೆ ಬೇಕಾಗುವ ಮಾಹಿತಿ ಆ ಎರಡರ ವ್ಯತ್ಯಾಸದಲ್ಲಿದೆ, ಸರಾಸರಿ ಅಳಿಸಿಹಾಕುವುದು ಅದನ್ನೇ.

ಹಾಗಾದರೆ ಸಾಮಾನ್ಯ ಕೇಳುಗರೇ ಕೊಡುವ ನಕ್ಷತ್ರಗಳನ್ನು ನೋಡಬಹುದೇ?

ನೋಡಬಹುದು, ಹೊಸದನ್ನು ಹುಡುಕುವುದಕ್ಕೆ. ರೇಟ್ ಯುವರ್ ಮ್ಯೂಸಿಕ್ ಎಂಬ ತಾಣದಲ್ಲಿ ಅರ್ಧ ನಕ್ಷತ್ರದಿಂದ ಐದು ನಕ್ಷತ್ರದವರೆಗೆ ಕೇಳುಗರೇ ಅಂಕ ಹಾಕುತ್ತಾರೆ, ಅಲ್ಲಿ ಜಪಾನಿನ ಜಾಝ್‌ನಿಂದ ಹಿಡಿದು ಬ್ರೆಜಿಲ್ಲಿನ ಹಾಡುಗಳವರೆಗೆ ನಮಗೆ ಬೇರೆಲ್ಲಿಯೂ ಸಿಗದ ದಾರಿಗಳು ತೆರೆದುಕೊಳ್ಳುತ್ತವೆ. ಆದರೆ ಅಲ್ಲಿ ಅಂಕ ಹಾಕುವವರು ಯಾರು ಎಂಬುದು ಫಲಿತಾಂಶವನ್ನು ಬಹುಪಾಲು ನಿರ್ಧರಿಸುತ್ತದೆ. ಇಂಗ್ಲಿಷ್ ಬಲ್ಲ, ಗಂಟೆಗಟ್ಟಲೆ ಕಂಪ್ಯೂಟರಿನ ಮುಂದೆ ಕೂಡುವ ತರುಣರೇ ಹೆಚ್ಚಾಗಿರುವ ಜಾಗದಲ್ಲಿ, ಧಾರವಾಡದ ಖಯಾಲ್ ಗಾಯಕ ಮಲ್ಲಿಕಾರ್ಜುನ ಮನಸೂರರ ಒಂದು ಧ್ವನಿಮುದ್ರಿಕೆಗೆ ಬೆರಳೆಣಿಕೆಯ ಅಂಕಗಳಷ್ಟೇ ಬೀಳುತ್ತವೆ. ಅದು ಧಾರವಾಡದ ಸೋಲೇನೂ ಅಲ್ಲ.

ಕೋಟಿ ಸಲ ಕೇಳಿದ ಹಾಡಿಗೆ ವಿಮರ್ಶಕ ಕಡಿಮೆ ಅಂಕ ಕೊಟ್ಟರೆ, ಜನರೇ ತಪ್ಪೇ?

ಜನರೂ ತಪ್ಪಲ್ಲ, ವಿಮರ್ಶಕನೂ ತಪ್ಪಲ್ಲ. ಹಾಡು ಕೇಳಿಸುವ ತಾಣವಾದ ಸ್ಪಾಟಿಫೈಯಲ್ಲಿ 30 ಸೆಕೆಂಡು ಓಡಿದರೆ ಒಂದು ಸಲ ಕೇಳಿದಂತೆ ಲೆಕ್ಕ. ಆ ಲೆಕ್ಕ ಕೇಳಿದ್ದನ್ನು ಹೇಳುತ್ತದೆ, ಹೇಗೆ ಕೇಳಿದರು ಎಂಬುದನ್ನು ಹೇಳುವುದಿಲ್ಲ.

ವಿಮರ್ಶಕರು ವರ್ಷಗಳ ಮೇಲೆ ಮಾತು ಬದಲಿಸುತ್ತಾರೆ. ಮೊದಲೇ ಸರಿಯಾಗಿ ಕೇಳಿರಲಿಲ್ಲ ಎಂದಾಯಿತಲ್ಲವೇ?

ಬದಲಿಸಿದ್ದು ನಿಜ. 2021ರಲ್ಲಿ ಪಿಚ್‌ಫೋರ್ಕ್ ತನ್ನ ಇಪ್ಪತ್ತೈದನೆಯ ವರ್ಷದ ನೆಪದಲ್ಲಿ 19 ಹಳೆಯ ಆಲ್ಬಮ್ಮುಗಳಿಗೆ ಹೊಸ ಅಂಕ ಹಾಕಿತು. ಫ್ರಾನ್ಸಿನ ಡಾಫ್ಟ್ ಪಂಕ್ ಜೋಡಿಯ ಆಲ್ಬಮ್ಮೊಂದು 6.4ರಿಂದ ನೇರವಾಗಿ 10ಕ್ಕೆ ಏರಿತು. ಲಿಜ್ ಫೇರ್ ಎಂಬ ಗಾಯಕಿಯ 2003ರ ಆಲ್ಬಮ್ಮಿಗೆ ಕೊಟ್ಟಿದ್ದ ಸೊನ್ನೆಗೆ ಬದಲಾಗಿ 6 ಎಂದು ಬರೆದರು. ಇನ್ನೂ ಹಿಂದೆ ಹೋದರೆ, ರೋಲಿಂಗ್ ಸ್ಟೋನ್ ಪತ್ರಿಕೆ 1969ರಲ್ಲಿ ಲೆಡ್ ಜೆಪ್ಪೆಲಿನ್ ತಂಡದ ಮೊದಲ ಆಲ್ಬಮ್ಮನ್ನು ಜರೆದು ಬರೆದದ್ದು, ಮುಂದೆ ನಿರ್ವಾಣ ತಂಡದ ಬಲು ದೊಡ್ಡ ಆಲ್ಬಮ್ಮಿಗೆ ಐದರಲ್ಲಿ ಮೂರೇ ನಕ್ಷತ್ರ ಕೊಟ್ಟದ್ದು, ಎರಡೂ ಅಭಿಮಾನಿಗಳ ಬಾಯಲ್ಲಿ ಕಥೆಗಳಾಗಿ ಉಳಿದಿವೆ.

ಇದರಿಂದ ವಿಮರ್ಶೆಯೇ ಸುಳ್ಳು ಎಂಬ ತೀರ್ಮಾನಕ್ಕೆ ಬರುವವರು ಒಂದು ಅಂಶವನ್ನು ಬಿಟ್ಟುಬಿಡುತ್ತಾರೆ. ಹೊಸ ರೀತಿಯ ಸಂಗೀತ ಬಂದಾಗ ಅದನ್ನು ಕೇಳುವ ಕಿವಿ ಇನ್ನೂ ತಯಾರಾಗಿರುವುದಿಲ್ಲ; ಅದು ತಯಾರಾಗುವುದು ಆ ಸಂಗೀತವನ್ನು ಅನುಸರಿಸಿ ಬಂದ ಹತ್ತಾರು ಬೇರೆ ಆಲ್ಬಮ್ಮುಗಳಿಂದ. ಮೊದಲ ವಾರದ ವಿಮರ್ಶೆ ಆ ವಾರದ ಕಿವಿಯ ದಾಖಲೆ. ಹಾಗೆ ನೋಡಿದರೆ, ಅಂಕ ತಿದ್ದುವುದಕ್ಕಿಂತ ಹಳೆಯದನ್ನು ಹಾಗೆಯೇ ಬಿಟ್ಟು ಪಕ್ಕದಲ್ಲಿ ಹೊಸದನ್ನು ಬರೆಯುವುದೇ ಹೆಚ್ಚು ಪ್ರಾಮಾಣಿಕವೆಂದು ನನಗನ್ನಿಸುತ್ತದೆ. ಸೊನ್ನೆ ಕೊಟ್ಟದ್ದನ್ನು ಆರು ಮಾಡಿದರೆ ಓದುಗನಿಗೆ ಸಿಗುವುದು ಇನ್ನೊಂದು ಅಂಕ ಅಷ್ಟೇ.

ಹಾಡಲು ಬಾರದವನು ಹಾಡುಗಾರನ ಬಗ್ಗೆ ತೀರ್ಪು ಕೊಡುವುದು ಎಷ್ಟು ಸರಿ?

ನಮ್ಮ ಕಡೆ ಈ ಪ್ರಶ್ನೆ ಬರುವುದು ಪ್ರಶ್ನೆಯ ರೂಪದಲ್ಲಲ್ಲ, "ಅಂವಗ ಸಾ ಹಚ್ಚಾಕ ಬರತೈತೇನ್ರೀ?" ಎಂಬ ಏಟಿನ ರೂಪದಲ್ಲಿ. ಆ ಏಟಿನಲ್ಲಿ ಸ್ವಲ್ಪ ಸತ್ಯವಿದೆ. ರಾಗದ ವಿಸ್ತಾರದಲ್ಲಿ ಗಾಯಕ ಎಲ್ಲಿ ಕಷ್ಟದ ದಾರಿ ಹಿಡಿದ, ಎಲ್ಲಿ ಸುಲಭದ ದಾರಿಯಲ್ಲಿ ಜಾರಿದ ಎಂಬುದು ತಾಲೀಮು ಪಡೆದ ಕಿವಿಗೆ ಬೇಗ ತಿಳಿಯುತ್ತದೆ. ಆದರೆ ಕೇಳುವುದೂ ಒಂದು ತಾಲೀಮು. ಕುಂದಗೋಳದಲ್ಲಿ ಗಾಯಕ ಸವಾಯಿ ಗಂಧರ್ವರ ಸ್ಮರಣೆಯ ಅಹೋರಾತ್ರಿ ಸಂಗೀತಕ್ಕೆ ವರ್ಷವರ್ಷವೂ ಬಂದು ಬೆಳತನಕ ಕೂಡುವ ರೈತರು ಮತ್ತು ಅಂಗಡಿಕಾರರಲ್ಲಿ ಹಲವರು ಒಂದು ಸ್ವರವನ್ನೂ ಹಾಡಿ ತೋರಿಸಲಾರರು. ಆದರೂ ಸಮ್ (ತಾಳದ ಸುತ್ತಿನ ಮೊದಲ ಪೆಟ್ಟು) ತಪ್ಪಿದರೆ ಅವರ ಮುಖದಲ್ಲಿ ಗೊತ್ತಾಗುತ್ತದೆ. ವಿಮರ್ಶಕನನ್ನು ಹಾಡಲು ಬರುತ್ತದೆಯೇ ಎಂದು ಕೇಳುವುದಕ್ಕಿಂತ, ಅವನು ಇದೇ ಜಾತಿಯ ಸಂಗೀತವನ್ನು ಎಷ್ಟು ಕಾಲ, ಎಷ್ಟು ಬಗೆಯಲ್ಲಿ ಕೇಳಿದ್ದಾನೆ ಎಂದು ಕೇಳಬೇಕು.

ಅಂಕ, ದರ್ಜೆ, ಗುಣದೋಷದ ಪಟ್ಟಿ ಇವೆಲ್ಲ ಪಶ್ಚಿಮದಿಂದ ಬಂದವು, ನಮ್ಮ ಸಂಗೀತಕ್ಕೆ ಒಗ್ಗುವುದಿಲ್ಲ ಎಂಬ ಮಾತು ನಿಜವೇ?

ಪಟ್ಟಿ ಮಾಡುವ ಚಟ ನಮ್ಮಲ್ಲಿಯೂ ಹಳೆಯದೇ. ಹದಿಮೂರನೆಯ ಶತಮಾನದ ಶಾರ್ಙ್ಗದೇವನ ಸಂಗೀತರತ್ನಾಕರದಲ್ಲಿ ಗಾಯಕರ 25 ದೋಷಗಳ ಪಟ್ಟಿ ಇದೆ. ಹಲ್ಲು ಕಚ್ಚಿ ಹಾಡುವವನು ಸಂದಷ್ಟ, ಕಾಗೆಯ ದನಿಯವನು ಕಾಕಿ, ಒಂಟೆಯ ಹಾಗೆ ಕತ್ತು ಮಾಡುವವನು ಕರಭ, ಹೆದರಿ ಹಾಡುವವನು ಭೀತ, ಮೂಗಿನಿಂದ ಹಾಡುವವನು ಸಾನುನಾಸಿಕ. ಕಣ್ಣು ಮುಚ್ಚಿ ಹಾಡುವುದೂ ಆ ಪಟ್ಟಿಯಲ್ಲಿ ದೋಷವೇ. ಇಂದು ಅದನ್ನೇ ತನ್ಮಯತೆಯೆಂದು ಮೆಚ್ಚಿ ಆಲ್ಬಮ್ಮಿನ ಮುಖಪುಟಕ್ಕೆ ಹಾಕುತ್ತೇವೆ. ಇಂದಿನ ಯಾವ ವಿಡಿಯೊ ವಿಮರ್ಶಕನೂ ಶಾರ್ಙ್ಗದೇವನಷ್ಟು ಖಾರವಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ.

ದರ್ಜೆಯೂ ನಮಗೆ ಹೊಸದಲ್ಲ. 1950ರ ಜನವರಿಯಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ಸುತ್ತ ಬೆಳೆದ ಕಲಾವಿದರಿಗೆ ಬಿ, ಬಿ ಹೈ, ಎ, ಟಾಪ್ ಎಂಬ ಶ್ರೇಣಿಗಳು ಮನೆಮಾತು. ಬಿ. ವಿ. ಕೇಸ್ಕರ್ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾಗಿದ್ದ ಐವತ್ತರ ದಶಕದಲ್ಲಿ ಆಡಿಷನ್ ಪದ್ಧತಿಯನ್ನು ಬಿಗಿ ಮಾಡಿದಾಗ, ಬಾಲ್ಯದಿಂದ ತಾಲೀಮು ಪಡೆದ ನಮ್ಮನ್ನು ಪರೀಕ್ಷೆ ಮಾಡುವವರು ಯಾರು ಎಂದು ಹಲವು ಸಂಗೀತಗಾರರು ಪ್ರತಿಭಟಿಸಿದ್ದರು. ಇಂದು ಅಭಿಮಾನಿಗಳು ಆಲ್ಬಂ ವಿಮರ್ಶಕನ ಮೇಲೆ ಎತ್ತುವ ಆಕ್ಷೇಪಗಳೆಲ್ಲ ಆ ಪ್ರತಿಭಟನೆಯಲ್ಲಿಯೇ ಇದ್ದವು. ಒಂದು ವ್ಯತ್ಯಾಸವನ್ನು ಮಾತ್ರ ಒಪ್ಪಬೇಕು: ಆಕಾಶವಾಣಿಯ ದರ್ಜೆಯಿಂದ ಕಲಾವಿದನ ಸಂಭಾವನೆ ನಿರ್ಧಾರವಾಗುತ್ತಿತ್ತು, ಆದರೆ ಏಕೆ ಆ ದರ್ಜೆ ಎಂದು ಕೇಳುಗರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಅಂತರ್ಜಾಲದ ವಿಮರ್ಶಕ ಕಾರಣ ಹೇಳಲೇಬೇಕು. ಹೇಳದಿದ್ದರೆ ಅವನ ಬಳಿ ಬೇರೆ ಅಧಿಕಾರವೇನೂ ಇಲ್ಲ.

ಖಯಾಲ್ ಗಾಯನದ ಧ್ವನಿಮುದ್ರಿಕೆಯನ್ನು ಒಂದು ಆಲ್ಬಂ ಎಂದು ತಿಳಿದು ಅಂಕ ಕೊಡಬಹುದೇ?

ಕೊಡಬಾರದೆಂದು ಕಾನೂನಿಲ್ಲ. ಆದರೆ ಅಂಕ ಕೊಡುವವನು ಏನನ್ನು ಅಳೆಯುತ್ತಿದ್ದೇನೆ ಎಂಬುದನ್ನು ತಿಳಿದಿರಬೇಕು. ರಾಕ್ ತಂಡವೊಂದು ಆಲ್ಬಂ ಮಾಡುವಾಗ ತಿಂಗಳುಗಟ್ಟಲೆ ಸ್ಟುಡಿಯೊದಲ್ಲಿ ಕೂತು, ಪದರಿನ ಮೇಲೆ ಪದರು ಸೇರಿಸಿ, ಹಾಡುಗಳ ಕ್ರಮವನ್ನೂ ಯೋಚಿಸಿ ಕೊನೆಗೊಂದು ವಸ್ತುವನ್ನು ತಯಾರಿಸುತ್ತದೆ. ಆ ವಸ್ತುವೇ ಕೃತಿ. ಖಯಾಲಿನಲ್ಲಿ ಕೃತಿ ಇರುವುದು ರಾಗದಲ್ಲಿ, ಬಂದಿಶಿನಲ್ಲಿ (ರಾಗಕ್ಕೆ ಕಟ್ಟಿದ ಹಾಡಿನಲ್ಲಿ) ಮತ್ತು ಆ ದಿನದ ಗಂಟಲಿನಲ್ಲಿ. ಧ್ವನಿಮುದ್ರಿಕೆ ಒಂದು ಸಂಜೆಯ ಗುರುತು. ಅದೇ ಗಾಯಕ ಅದೇ ರಾಗವನ್ನು ಮರುವಾರ ಬೇರೆಯಾಗಿ ಹಾಡಿರುತ್ತಾನೆ.

ಮೇಲಾಗಿ, ಮುದ್ರಣದ ತಂತ್ರವೇ ಸಂಗೀತವನ್ನು ಕತ್ತರಿಸಿ ಕೊಟ್ಟ ಕಾಲವೊಂದಿತ್ತು. ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ಪ್ಲೇಟಿನ ಒಂದು ಬದಿಯಲ್ಲಿ ಹಿಡಿಸುತ್ತಿದ್ದದ್ದು ಮೂರು ಮೂರೂವರೆ ನಿಮಿಷ. ಗಂಟೆಗಟ್ಟಲೆ ಹಾಡುತ್ತಿದ್ದವರು ಆಲಾಪ, ಬಂದಿಶ್, ತಾನುಗಳನ್ನೆಲ್ಲ ಅಷ್ಟರೊಳಗೆ ಅಡಕಬೇಕಾಗಿತ್ತು. ಎಲ್‌ಪಿ (ಹೆಚ್ಚು ಹೊತ್ತು ಓಡುವ ಪ್ಲೇಟು) ಬಂದ ಮೇಲೆ ಒಂದು ಬದಿಗೆ ಇಪ್ಪತ್ತು ನಿಮಿಷ ಸಿಕ್ಕಿತು, ವಿಲಂಬಿತಕ್ಕೆ ಉಸಿರಾಡಲು ಜಾಗವಾಯಿತು. ಹೀಗಿರುವಾಗ ಪ್ಲೇಟಿನ ಕಾಲದ ಮುದ್ರಿಕೆಯನ್ನು ಕೇಳಿ "ರಾಗವನ್ನು ಬೆಳೆಸಿಲ್ಲ" ಎಂದು ಬರೆಯುವ ವಿಮರ್ಶಕ ಗಾಯಕನ ದೋಷ ಹೇಳುತ್ತಿಲ್ಲ, ಅರಗಿನ ತಟ್ಟೆಯ ಅಳತೆ ಹೇಳುತ್ತಿದ್ದಾನೆ. ಅದೇ ಮೂರು ನಿಮಿಷಗಳಲ್ಲಿ ಎಷ್ಟು ಸಾಧ್ಯವಿತ್ತು ಎಂಬುದಕ್ಕೂ ನಮ್ಮಲ್ಲಿಯೇ ಸಾಕ್ಷಿಯಿದೆ. ಗದಗದ ಹುಡುಗ ಭೀಮಸೇನ ಜೋಶಿ ಖಯಾಲ್ ಗಾಯಕ ಅಬ್ದುಲ್ ಕರೀಮ್ ಖಾನರ ಒಂದು ಪ್ಲೇಟು ಕೇಳಿ, ಹಾಗೆ ಹಾಡುವುದನ್ನು ಕಲಿಯಲೇಬೇಕೆಂದು ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟು ಹೊರಟ.

ಇನ್ನೊಂದು ತೊಡಕು, ಒಬ್ಬ ಗಾಯಕನ ಒಂದು ಮುದ್ರಿಕೆಯಿಂದ ಇಡೀ ಗಾಯಕನನ್ನು ಅಳೆಯುವುದು. ಮನಸೂರರು ಮೊದಲು ಗ್ವಾಲಿಯರ್ ಪರಂಪರೆಯ ನೀಲಕಂಠಬುವಾ ಅವರಲ್ಲಿ ಕಲಿತು, ಆಮೇಲೆ ಜೈಪುರ-ಅತ್ರೌಲಿ ಘರಾಣೆಯ (ಗಾಯನ ಪರಂಪರೆಯ) ಮಂಜಿ ಖಾನ್ ಮತ್ತು ಭುರ್ಜಿ ಖಾನ್ ಅವರ ಶಿಷ್ಯರಾದವರು. ಅವರ ಮೊದಲಿನ ಪ್ಲೇಟುಗಳನ್ನೂ ಕೊನೆಯ ದಶಕಗಳ ಮುದ್ರಿಕೆಗಳನ್ನೂ ಒಂದೇ ಅಳತೆಯಲ್ಲಿ ತೂಗಿದರೆ ಎರಡಕ್ಕೂ ಅನ್ಯಾಯ. ಗಂಗೂಬಾಯಿ ಹಾನಗಲ್ಲರ ಮಾತು ಇನ್ನೂ ಸ್ಪಷ್ಟ. ಮೂವತ್ತರ ದಶಕದ ಪ್ಲೇಟುಗಳಲ್ಲಿ ಅವರದು ಎತ್ತರದ, ತೆಳ್ಳನೆಯ ಹೆಣ್ಣುದನಿ. ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಬಳಿಕ ದನಿ ಇಳಿದು, ನಾವೆಲ್ಲ ಬಲ್ಲ ಆ ಗಡಸು, ಗಂಭೀರ ದನಿಯಾಯಿತು. ಎರಡನ್ನೂ ಅಕ್ಕಪಕ್ಕ ಕೇಳಿಸಿದರೆ, ಇದು ಒಬ್ಬರದೇ ದನಿ ಎಂದು ಹೊಸಬರು ನಂಬುವುದಿಲ್ಲ.

ಹಳೆಯ ಧ್ವನಿಮುದ್ರಿಕೆಯೊಂದನ್ನು ಕೇಳಿ "ದನಿ ಕೀರಲು, ಲಯ ಅವಸರದ್ದು" ಎಂದು ಒಬ್ಬ ವಿಮರ್ಶಕ ಹೇಳಿದ್ದಾನೆ. ಒಪ್ಪಬಹುದೇ?

ಒಪ್ಪುವ ಮೊದಲು ಮುದ್ರಿಕೆಯ ವೇಗವನ್ನು ಪರೀಕ್ಷಿಸಬೇಕು. 78 ಎಂದು ಕರೆದರೂ ಆರಂಭಕಾಲದ ಪ್ಲೇಟುಗಳನ್ನು ಎಲ್ಲ ಸಲವೂ ನಿಖರವಾಗಿ 78 ಸುತ್ತಿನಲ್ಲಿ ಮುದ್ರಿಸುತ್ತಿರಲಿಲ್ಲ. ಕಡಿಮೆ ವೇಗದಲ್ಲಿ ಮುದ್ರಿಸಿದ್ದನ್ನು ಹೆಚ್ಚು ವೇಗದಲ್ಲಿ ಓಡಿಸಿ ಡಿಜಿಟಲ್ ಮಾಡಿದರೆ ಶ್ರುತಿ ಏರುತ್ತದೆ, ಲಯ ಓಡುತ್ತದೆ, ದನಿ ಚೂಪಾಗುತ್ತದೆ. ಯೂಟ್ಯೂಬಿನಲ್ಲಿ ಒಂದೇ ಪ್ಲೇಟು ಎರಡು ಕಡೆ ಎರಡು ಶ್ರುತಿಯಲ್ಲಿ ಸಿಗುವುದು ಅಪರೂಪವಲ್ಲ. ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಷಡ್ಜ (ಸಾ) ಯಾವ ಪಟ್ಟಿಯ ಮೇಲೆ ಬೀಳುತ್ತದೆ ಎಂದು ನೋಡಿ. ಎರಡು ಪಟ್ಟಿಗಳ ನಡುವೆ ಸಿಕ್ಕಿಕೊಂಡಿದ್ದರೆ, ಅಥವಾ ಅದೇ ಗಾಯಕರ ಅದೇ ಕಾಲದ ಬೇರೆ ಮುದ್ರಿಕೆಗಳಿಗಿಂತ ಒಂದು ಪಟ್ಟಿ ಮೇಲಿದ್ದರೆ, ಅನುಮಾನಕ್ಕೆ ಕಾರಣವಿದೆ.

ನಾನು ಫೋನಿನಲ್ಲಿ ಕೇಳಿದೆ. ವಿಮರ್ಶಕ ಹೊಗಳಿದ "ತಳದ ನಾದ" ನನಗೆ ಕೇಳಿಸಲೇ ಇಲ್ಲ. ಅವನು ಸುಳ್ಳು ಹೇಳುತ್ತಿದ್ದಾನೆಯೇ?

ಇಲ್ಲ. ಫೋನಿನ ಪುಟ್ಟ ಸ್ಪೀಕರು ತಗ್ಗಿನ ನಾದವನ್ನು ಎತ್ತುವುದೇ ಇಲ್ಲ. ತಬಲಾ ಜೋಡಿಯ ಎಡಗಡೆಯ ಡಗ್ಗದ ಗಮಕ, ತಂಬೂರಿಯ ಖರಜದ (ತಗ್ಗಿನ ಸಾ) ತಂತಿ, ಸಿನಿಮಾ ಹಾಡಿನ ಬೇಸ್ ಗಿಟಾರು, ಇವೆಲ್ಲ ಅಲ್ಲಿ ಕಾಣೆಯಾಗುತ್ತವೆ. ಸಾಧಾರಣ ಬೆಲೆಯ ಇಯರ್‌ಫೋನಿನಲ್ಲಾದರೂ ಒಂದು ಸಲ ಕೇಳಿ ಆಮೇಲೆ ಜಗಳಕ್ಕೆ ಬನ್ನಿ.

ಆಲ್ಬಂ ಬಂದ ದಿನವೇ ಬರುವ ವಿಮರ್ಶೆಗೆ ಬೆಲೆ ಕೊಡಬೇಕೇ?

ದೊಡ್ಡ ಪತ್ರಿಕೆಗಳಿಗೆ ಕಂಪನಿಗಳು ಬಿಡುಗಡೆಯ ಮೊದಲೇ ಆಲ್ಬಂ ಕಳಿಸುವುದುಂಟು, ಹೀಗಾಗಿ ಮೊದಲ ದಿನದ ವಿಮರ್ಶೆಯೆಲ್ಲ ಅವಸರದ್ದೆಂದು ಹೇಳಲಾಗದು. ಆದರೆ ಒಬ್ಬಂಟಿ ವಿಡಿಯೊ ವಿಮರ್ಶಕನಿಗೆ ಆ ಅನುಕೂಲ ಎಲ್ಲ ಸಲ ಇರುವುದಿಲ್ಲ. ಜನ ಹುಡುಕುವ ಹೊತ್ತಿಗೆ ವಿಡಿಯೊ ಇರಬೇಕೆಂಬ ಒತ್ತಡದಲ್ಲಿ ರಾತ್ರಿ ಕೇಳಿ ಬೆಳಿಗ್ಗೆ ತೀರ್ಪು ಕೊಡುತ್ತಾನೆ. ಅಂಥ ವಿಮರ್ಶೆಯಲ್ಲಿ ಮೊದಲ ಎರಡು ಮೂರು ಹಾಡುಗಳ ಬಗ್ಗೆ ವಿವರವಾಗಿ ಮಾತಾಡಿ, ಉಳಿದವನ್ನು "ಇನ್ನುಳಿದ ಹಾಡುಗಳೂ ಚೆನ್ನಾಗಿವೆ" ಎಂದು ಒಂದೇ ಉಸಿರಿನಲ್ಲಿ ಮುಗಿಸಿದ್ದರೆ, ಕೇಳಿದ್ದು ಎಲ್ಲಿಯವರೆಗೆ ಎಂಬುದು ತಾನಾಗಿ ತಿಳಿಯುತ್ತದೆ.

ದುಡ್ಡು ತೆಗೆದುಕೊಂಡು ಮಾಡಿದ ವಿಮರ್ಶೆಯನ್ನು ಗುರುತಿಸುವುದು ಹೇಗೆ?

ಭಾರತದಲ್ಲಿ ಹಣ, ಉಡುಗೊರೆ ಅಥವಾ ಬೇರೆ ಲಾಭ ಪಡೆದು ಪ್ರಚಾರ ಮಾಡುವವರು ಅದನ್ನು ಎದ್ದು ಕಾಣುವಂತೆ ತಿಳಿಸಬೇಕು ಎಂದು ಜಾಹೀರಾತು ಗುಣಮಟ್ಟ ಮಂಡಳಿ 2021ರಲ್ಲಿ ಮಾರ್ಗಸೂಚಿ ತಂದಿದೆ, ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2023ರ ಜನವರಿಯಲ್ಲಿ ಇಂಥದೇ ಸೂಚನೆಗಳನ್ನು ಹೊರಡಿಸಿದೆ. ವಿಡಿಯೊದ ಮೇಲೆ ಆ ಗುರುತಿದೆಯೇ ಎಂದು ಮೊದಲು ನೋಡಿ. ಗುರುತಿಲ್ಲದಿದ್ದರೆ ಮಾತಿನಲ್ಲಿಯೇ ಪರೀಕ್ಷೆ ಮಾಡಬೇಕು. ಒಂದೇ ವಾರದಲ್ಲಿ ನಾಲ್ಕಾರು ಚಾನೆಲ್ಲುಗಳಲ್ಲಿ ಒಂದೇ ವಿಶೇಷಣಗಳು ಬರುತ್ತಿದ್ದರೆ, ಹಾಡಿಗಿಂತ ಕಂಪನಿಯ ಹೆಸರು ಹೆಚ್ಚು ಸಲ ಬರುತ್ತಿದ್ದರೆ, ಒಂದಾದರೂ ಹಾಡು ಹಿಡಿಸಲಿಲ್ಲ ಎಂಬ ಮಾತು ಎಲ್ಲಿಯೂ ಇಲ್ಲದಿದ್ದರೆ, ಅದನ್ನು ಜಾಹೀರಾತೆಂದೇ ಎಣಿಸುವುದು ಸುರಕ್ಷಿತ.

ವಿಡಿಯೊ ವಿಮರ್ಶಕರು ಹಾಡನ್ನು ಕೇಳಿಸದೆ ಬರೀ ಮಾತಾಡುವುದೇಕೆ?

1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ವಿಮರ್ಶೆಗಾಗಿ ಕೃತಿಯ ಭಾಗವನ್ನು ನ್ಯಾಯವಾಗಿ ಬಳಸಲು ಅವಕಾಶ ಕೊಡುತ್ತದೆ. ಆದರೆ ಯೂಟ್ಯೂಬಿನ ಸ್ವಯಂಚಾಲಿತ ವ್ಯವಸ್ಥೆ ಧ್ವನಿ ಹೊಂದಿಕೆಯಾಯಿತೇ ಎಂದಷ್ಟೇ ನೋಡುತ್ತದೆ, ಬಳಸಿದ್ದು ವಿಮರ್ಶೆಗೋ ಕಳ್ಳತನಕ್ಕೋ ಎಂದು ವಿಚಾರಿಸುವುದಿಲ್ಲ. ಹೊಂದಿಕೆಯಾದರೆ ವಿಡಿಯೊದ ಆದಾಯ ಹಾಡಿನ ಒಡೆಯರಿಗೆ ಹೋಗಬಹುದು ಅಥವಾ ವಿಡಿಯೊವೇ ಮುಚ್ಚಿಹೋಗಬಹುದು. ಆದ್ದರಿಂದ ಅವರು ಬಾಯಿಂದ ಗುನುಗಿ ತೋರಿಸುತ್ತಾರೆ, ಕೆಲವೊಮ್ಮೆ ನೋಡುವವರ ದುರ್ದೈವಕ್ಕೆ.

ನಮ್ಮ ಕಡೆಯ ಜಾನಪದ ಹಾಡು, ಭಜನೆ, ತತ್ವಪದಗಳಿಗೆ ವಿಮರ್ಶಕರೇ ಇಲ್ಲವಲ್ಲ?

ಇದು ನನ್ನ ದೃಷ್ಟಿಯಲ್ಲಿ ಈ ಪಟ್ಟಿಯಲ್ಲೇ ಅತ್ಯಂತ ತೂಕದ ಪ್ರಶ್ನೆ. ಉತ್ತರ ಕರ್ನಾಟಕದ ಚಿಕ್ಕ ಸ್ಟುಡಿಯೊಗಳಲ್ಲಿ ಮುದ್ರಣವಾದ ಜಾನಪದ ಹಾಡುಗಳು ಯೂಟ್ಯೂಬಿನಲ್ಲಿ ಲಕ್ಷಗಟ್ಟಲೆ ಸಲ ಓಡುತ್ತವೆ, ಜಾತ್ರೆಯಲ್ಲಿ, ಟ್ರ್ಯಾಕ್ಟರಿನಲ್ಲಿ, ಮದುವೆಯ ಮೆರವಣಿಗೆಯಲ್ಲಿ ಕೇಳುತ್ತವೆ. ಹಾವೇರಿ ಜಿಲ್ಲೆಯ ಶಿಶುನಾಳದ ಶರೀಫ ಸಾಹೇಬರ ಪದಗಳಿಗಂತೂ ಲೆಕ್ಕವಿಲ್ಲದಷ್ಟು ಧ್ವನಿಮುದ್ರಿಕೆಗಳಿವೆ: ಸುಗಮ ಸಂಗೀತದ ವಾದ್ಯವೃಂದದೊಡನೆ, ಏಕತಾರಿ ದಮ್ಮಡಿಯೊಡನೆ, ರಾಕ್ ತಂಡದ ಡ್ರಮ್ಮಿನೊಡನೆ. ಒಂದೇ ಪದವನ್ನು ಇಷ್ಟು ಬಗೆಯಲ್ಲಿ ಹಾಡಿದಾಗ ಹೋಲಿಸಿ ಬರೆಯಲು ಇದಕ್ಕಿಂತ ಫಲವತ್ತಾದ ನೆಲ ಯಾವುದಿದೆ? ಆದರೂ ಯಾವ ಧಾಟಿ ಭಜನಾ ಮೇಳಗಳಿಂದ ಬಂದದ್ದು, ಯಾವುದು ಸಂಗೀತ ನಿರ್ದೇಶಕರು ಹೊಸದಾಗಿ ಕಟ್ಟಿದ್ದು, ವಾದ್ಯಗಳ ಗದ್ದಲದಲ್ಲಿ ಪದದ ಅರ್ಥ ಉಳಿಯಿತೇ ಮುಳುಗಿತೇ ಎಂದು ನಿಧಾನವಾಗಿ ಬರೆಯುವವರು ಬಹಳ ವಿರಳ.

ಕಾರಣಗಳು ಹಲವು. ವಿಮರ್ಶೆ ಬರೆಯುವವರು ಬಹುತೇಕ ನಗರದವರು. ಈ ಹಾಡುಗಳು ಆಲ್ಬಮ್ಮಾಗಿ ಬಾರದೆ ಒಂದೊಂದಾಗಿ ಬರುತ್ತವೆ. ಹಾಡಿದವರ, ಬರೆದವರ, ವಾದ್ಯ ನುಡಿಸಿದವರ ಹೆಸರುಗಳು ಸರಿಯಾಗಿ ದಾಖಲಾಗಿರುವುದಿಲ್ಲ. ಇದರ ಜೊತೆಗೆ ಒಂದು ಅಳುಕೂ ಇದೆ: ಜಾನಪದವೆಂದ ಮೇಲೆ ಅದನ್ನು ಹೊಗಳಬೇಕು, ಇಲ್ಲವೇ ದ್ವಂದ್ವಾರ್ಥದ ಸಾಹಿತ್ಯವೆಂದು ಮೂಗು ಮುರಿಯಬೇಕು, ನಡುವಿನ ದಾರಿ ಇಲ್ಲವೆಂದು ನಾವೇ ತೀರ್ಮಾನಿಸಿಬಿಟ್ಟಿದ್ದೇವೆ. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಖಯಾಲ್ ಕಲಿಸುತ್ತಲೇ ವಚನ, ನಾಟಕದ ಹಾಡು, ಕೀರ್ತನೆಗಳನ್ನೂ ಕಲಿಸಿದರು. ಒಂದು ಮೇಲು, ಒಂದು ಕೀಳು ಎಂಬ ಗೋಡೆಯನ್ನು ಅವರು ಕಟ್ಟಲಿಲ್ಲ. ವಿಮರ್ಶೆಗೆ ಮಾತ್ರ ಆ ಗೋಡೆ ಏಕೆ?

ನೆಚ್ಚಿನ ಗಾಯಕನನ್ನು ಟೀಕಿಸಿದ ವಿಮರ್ಶಕನಿಗೆ ಬೈಯುವುದು ಅಭಿಮಾನಿಯ ಹಕ್ಕಲ್ಲವೇ?

ಟೀಕೆಯನ್ನು ಟೀಕಿಸುವುದು ಹಕ್ಕು. ಮನುಷ್ಯನನ್ನು ಬೆದರಿಸುವುದು ಅಪರಾಧ. 2024ರ ಏಪ್ರಿಲಿನಲ್ಲಿ ಟೇಲರ್ ಸ್ವಿಫ್ಟ್ ಅವರ ಹೊಸ ಆಲ್ಬಮ್ಮನ್ನು ಕಟುವಾಗಿ ವಿಮರ್ಶಿಸಿದ ಪೇಸ್ಟ್ ಪತ್ರಿಕೆ ಬರೆದವರ ಹೆಸರನ್ನೇ ಮುದ್ರಿಸಲಿಲ್ಲ. 2019ರಲ್ಲಿ ಅದೇ ಗಾಯಕಿಯ ಆಲ್ಬಂ ಬಗ್ಗೆ ಬರೆದವರಿಗೆ ಬೆದರಿಕೆಗಳು ಬಂದಿದ್ದವೆಂದು ಕಾರಣ ಕೊಟ್ಟಿತು. ಕನ್ನಡದ ಸಿನಿಮಾ ನಟರ ಅಭಿಮಾನಿ ಬಳಗಗಳ ನಡುವಿನ ಕಾದಾಟವನ್ನು ಕಂಡ ನಮಗೆ ಇದು ಅಪರಿಚಿತವೇನಲ್ಲ. ಹೆಸರಿಲ್ಲದ ವಿಮರ್ಶೆ ಹೆಚ್ಚಾದರೆ ನಷ್ಟ ಕೇಳುಗರಿಗೇ, ಏಕೆಂದರೆ ಯಾರ ಕಿವಿ ಎಂಬುದು ಗೊತ್ತಿಲ್ಲದ ತೀರ್ಪನ್ನು ಅಳೆಯಲು ಬರುವುದಿಲ್ಲ.

ಹಾಗಾದರೆ ತಕರಾರನ್ನು ಹೇಗೆ ಮಾಡಬೇಕು?

ಎಷ್ಟು ಎಂದು ಕೇಳುವುದನ್ನು ಬಿಟ್ಟು, ಎಲ್ಲಿ ಎಂದು ಕೇಳಿ. "ಆರು ಹೇಗೆ ಕೊಟ್ಟ" ಎಂಬ ಪ್ರಶ್ನೆಗೆ ಕೊನೆಯಿಲ್ಲ. "ಎರಡನೆಯ ಹಾಡಿನ ಚರಣದಲ್ಲಿ ದನಿ ಸೋತಿದೆ ಎಂದನಲ್ಲ, ಆ ಜಾಗ ಹಚ್ಚರಿ ನೋಡೋಣ" ಎಂದರೆ ಕೋಣೆಯಲ್ಲಿರುವವರೆಲ್ಲ ಒಂದೇ ಅರ್ಧ ನಿಮಿಷವನ್ನು ಒಟ್ಟಿಗೆ ಕೇಳುತ್ತಾರೆ. ಆಗ ಭಿನ್ನಾಭಿಪ್ರಾಯ ಉಳಿದರೂ ಅದಕ್ಕೊಂದು ವಿಷಯವಿರುತ್ತದೆ. ನಮ್ಮ ಕೂಟದಲ್ಲಿ ಇದೊಂದೇ ಕಟ್ಟಳೆ: ವಿಮರ್ಶಕನ ಪರವಾಗಿ ಮಾತಾಡುವವರೂ ವಿರೋಧವಾಗಿ ಮಾತಾಡುವವರೂ ಹಾಡಿನ ಒಂದು ಜಾಗವನ್ನಾದರೂ ನುಡಿಸಿ ತೋರಿಸಬೇಕು. ತೋರಿಸಲಾಗದ ವಿಮರ್ಶೆಯೂ ಇದೆ, ತೋರಿಸಲಾಗದ ಅಭಿಮಾನವೂ ಇದೆ. ಎರಡೂ ಸಾಮಾನ್ಯವಾಗಿ ಒಂದೇ ವಿಶೇಷಣಗಳನ್ನು ಬಳಸುತ್ತವೆ. "ಅದ್ಭುತ", "ದೈವಿಕ", "ಸಪ್ಪೆ", "ಆತ್ಮವೇ ಇಲ್ಲ" ಎಂಬ ಮಾತುಗಳನ್ನು ಕೇಳಿದೊಡನೆ ಯಾರಾದರೊಬ್ಬರು "ಎಲ್ಲಿ?" ಎಂದು ಕೇಳುವುದು ಈಗ ರೂಢಿಯಾಗಿದೆ.

ಈ ಕಟ್ಟಳೆಯಿಂದ ಹಿರಿಯರಿಗೂ ಕಿರಿಯರಿಗೂ ಸಮಾನ ತೊಂದರೆಯಾಗಿದೆ. ಘರಾಣೆಯ ಹೆಸರು ಹೇಳಿ ವಾದ ಗೆಲ್ಲುತ್ತಿದ್ದ ಹಿರಿಯರಿಗೆ ಈಗ ಆ ಮೀಂಡನ್ನು (ಸ್ವರದಿಂದ ಸ್ವರಕ್ಕೆ ಜಾರುವ ನಡೆಯನ್ನು) ಹುಡುಕಿ ಕೇಳಿಸಬೇಕಾಗುತ್ತದೆ. ಫ್ಯಾಂಟಾನೊ ಎಂಟು ಕೊಟ್ಟಿದ್ದಾರೆ ಎಂದು ವಾದ ಮುಗಿಸುತ್ತಿದ್ದ ಹುಡುಗರಿಗೆ ಆ ಎಂಟರಲ್ಲಿ ತಮ್ಮ ಪಾಲೆಷ್ಟು ಎಂದು ಹೇಳಬೇಕಾಗುತ್ತದೆ.

ನನಗೆ ಹೊಂದುವ ವಿಮರ್ಶಕನನ್ನು ಆಯ್ದುಕೊಳ್ಳುವುದು ಹೇಗೆ?

ನಿಮಗೆ ಚೆನ್ನಾಗಿ ಗೊತ್ತಿರುವ ಆಲ್ಬಂ ಒಂದರ ಬಗ್ಗೆ ಅವನು ಬರೆದದ್ದನ್ನು ಮೊದಲು ಓದಿ. ಅಂಕ ನಿಮ್ಮದಕ್ಕೆ ಹೊಂದಬೇಕೆಂದಿಲ್ಲ. ನೀವು ನೂರು ಸಲ ಕೇಳಿದರೂ ಗಮನಿಸದೆ ಬಿಟ್ಟದ್ದನ್ನು ಅವನು ಒಂದಾದರೂ ತೋರಿಸಿಕೊಟ್ಟರೆ, ಅವನು ನಿಮಗೆ ಉಪಯೋಗದವನು. ಸದಾ ನಿಮ್ಮ ಅಭಿಪ್ರಾಯಕ್ಕೆ ವಿರುದ್ಧವಾಗಿರುವ, ಆದರೆ ಕಾರಣಗಳನ್ನು ಬಿಚ್ಚಿ ಹೇಳುವ ವಿಮರ್ಶಕನೂ ಪಿಚ್‌ಫೋರ್ಕಿನಂಥ ಹಳೆಯ ಹೆಸರಿಗಿಂತ ಹೆಚ್ಚು ನೆರವಾಗಬಲ್ಲ. ಅವನಿಗೆ ಹಿಡಿಸದ್ದು ನಿಮಗೆ ಹಿಡಿಸುತ್ತದೆ ಎಂದು ಗೊತ್ತಾದ ಮೇಲೆ ಅವನ ನಿಂದೆಯೇ ಶಿಫಾರಸು.

ಕನ್ನಡದಲ್ಲಿ ಇಂಥ ವಿಮರ್ಶೆ ಬರೆಯಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ?

ನಿಮಗೆ ಪರಿಚಯವಿಲ್ಲದ ಒಬ್ಬ ಗಾಯಕನ ಧ್ವನಿಮುದ್ರಿಕೆಯನ್ನು ಆಯ್ದುಕೊಳ್ಳಿ, ಏಕೆಂದರೆ ಹುಬ್ಬಳ್ಳಿ-ಧಾರವಾಡದಂಥ ಅವಳಿ ನಗರದಲ್ಲಿ ಸಂಗೀತದವರೆಲ್ಲ ಒಬ್ಬರಿಗೊಬ್ಬರು ಗುರುಬಂಧುಗಳೋ ಬೀಗರೋ ಆಗಿರುತ್ತಾರೆ, ಮೊದಲ ವಿಮರ್ಶೆಯೇ ಮುಲಾಜಿನಲ್ಲಿ ಮುಳುಗಬಾರದು. ಮುದ್ರಣವಾದ ವರ್ಷ, ಜೊತೆಗೆ ತಬಲಾ ಮತ್ತು ಹಾರ್ಮೋನಿಯಂ ನುಡಿಸಿದವರ ಹೆಸರು, ಅದು ಸ್ಟುಡಿಯೊದ್ದೋ ಬೈಠಕ್ಕಿನದೋ ಎಂಬುದನ್ನು ಮೊದಲು ಬರೆಯಿರಿ. ಯಾವುದರಲ್ಲಿ ಕೇಳಿದಿರಿ ಎಂಬುದನ್ನೂ ಬರೆಯಿರಿ. ನಿಮಿಷ ಸೆಕೆಂಡುಗಳನ್ನು ಗುರುತು ಹಾಕಿಕೊಂಡು, ನಿಮ್ಮನ್ನು ತಡೆದು ನಿಲ್ಲಿಸಿದ ಎರಡು ಮೂರು ಜಾಗಗಳ ಬಗ್ಗೆಯಷ್ಟೇ ಬರೆಯಿರಿ. ಅಂಕ ಕೊಡಲೇಬೇಕೆನ್ನಿಸಿದರೆ ಬರಹದ ಕೊನೆಗೆ ಕೊಡಿ. ಮೇಲೆ ಕೊಟ್ಟರೆ ಕೆಳಗಿನದನ್ನು ಯಾರೂ ಓದುವುದಿಲ್ಲ.